ಎಮರ್ಜೆನ್ಸಿಯಲ್ಲಿ ಫಾರ್ಮಸಿಸ್ಟ್: ಕೆಲಸ ಮೊದಲು ಹುಟ್ಟಿತು, ತರಬೇತಿ ತಡವಾಗಿ ಬಂತು

ಟೆನೆಕ್ಟೆಪ್ಲೇಸ್ ಎಂಬ ಔಷಧವಿದೆ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುತ್ತದೆ. ಹೃದಯಾಘಾತಕ್ಕೆ ಕೊಡುವಾಗ ರೋಗಿಯ ತೂಕ ನೋಡಿ 50 ಮಿಲಿಗ್ರಾಂವರೆಗೂ ಹೋಗಬಹುದು. ಅದೇ ಔಷಧವನ್ನು ಮೆದುಳಿನ ಪಾರ್ಶ್ವವಾಯುವಿಗೆ ಬಳಸಿದರೆ 25 ಮಿಲಿಗ್ರಾಂ ದಾಟುವಂತಿಲ್ಲ. ಗಡಿಬಿಡಿಯಲ್ಲಿ ಹೃದಯದ ಡೋಸ್ ಮೆದುಳಿನ ರೋಗಿಗೆ ಹೋದರೆ ತಲೆಯೊಳಗೆ ರಕ್ತಸ್ರಾವವಾಗುವ ಅಪಾಯ ಏರುತ್ತದೆ. ಈ ಲೆಕ್ಕ ಹಾಕಲು ಎಮರ್ಜೆನ್ಸಿಯಲ್ಲಿ ಸಿಗುವುದು ಕೆಲವೇ ನಿಮಿಷ. ಮನೆಯವರು ಅಳುತ್ತಿರುತ್ತಾರೆ, ಪಕ್ಕದ ಹಾಸಿಗೆಗೆ ಅಪಘಾತದ ಗಾಯಾಳು ಬಂದಿರುತ್ತಾನೆ, ರೋಗಿಯ ನಿಜವಾದ ತೂಕ ಯಾರಿಗೂ ಗೊತ್ತಿರುವುದಿಲ್ಲ.

ಸಾಮಾನ್ಯ ವಾರ್ಡಿನಲ್ಲಿ ಔಷಧ ರೋಗಿಯನ್ನು ತಲುಪುವ ಮೊದಲು ಮೂವರ ಕಣ್ಣಿಗೆ ಬೀಳುತ್ತದೆ. ವೈದ್ಯರು ಬರೆಯುತ್ತಾರೆ, ಫಾರ್ಮಸಿಸ್ಟ್ ಪರಿಶೀಲಿಸುತ್ತಾರೆ, ನರ್ಸ್ ಕೊಡುತ್ತಾರೆ. ತುರ್ತು ವಿಭಾಗದಲ್ಲಿ ವೈದ್ಯರು ಬಾಯಲ್ಲಿ ಹೇಳುತ್ತಾರೆ, ನರ್ಸ್ ಅಲ್ಲೇ ಕಪಾಟಿನಿಂದ ತೆಗೆದು ಸಿರಿಂಜಿಗೆ ತುಂಬುತ್ತಾರೆ. ನಡುವಿನ ಕಣ್ಣು ಇರುವುದಿಲ್ಲ. ಅತ್ಯಂತ ಅಪಾಯಕಾರಿ ಔಷಧಗಳು ಅತ್ಯಂತ ಅವಸರದಲ್ಲಿ ಬಳಕೆಯಾಗುವ ಜಾಗದಲ್ಲೇ ತಪಾಸಣೆ ಅತಿ ಕಡಿಮೆ. ಅಮೆರಿಕದಲ್ಲಿ ಎಮರ್ಜೆನ್ಸಿ ಫಾರ್ಮಸಿಸ್ಟ್ ಎಂಬ ಹುದ್ದೆಯೂ ಅದಕ್ಕೆಂದೇ ಒಂದು ವರ್ಷದ ರೆಸಿಡೆನ್ಸಿಯೂ (ಪದವಿಯ ನಂತರ ಆಸ್ಪತ್ರೆಯಲ್ಲೇ ದುಡಿಯುತ್ತ ಪಡೆಯುವ ತರಬೇತಿ) ಬೆಳೆದದ್ದು ಈ ಕೊರತೆಯನ್ನು ತುಂಬಲು. ಅದಕ್ಕೆ ಅರ್ಧ ಶತಮಾನದಷ್ಟು ಕಾಲ ಹಿಡಿಯಿತು.

ತುರ್ತು ವೈದ್ಯಕೀಯ ಅಲ್ಲಿಯೂ ಹಳೆಯ ಶಾಖೆಯಲ್ಲ. ಅಮೆರಿಕದ ಎಮರ್ಜೆನ್ಸಿ ವೈದ್ಯರ ಸಂಘಟನೆ ಹುಟ್ಟಿದ್ದು 1968ರಲ್ಲಿ, ವೈದ್ಯರಿಗೆ ಮೊದಲ ರೆಸಿಡೆನ್ಸಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು 1970ರಲ್ಲಿ, ಪ್ರತ್ಯೇಕ ತಜ್ಞ ಶಾಖೆಯೆಂಬ ಮನ್ನಣೆ ಸಿಕ್ಕಿದ್ದು 1979ರಲ್ಲಿ. ಫಾರ್ಮಸಿಸ್ಟರ ತರಬೇತಿಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1920ರ ದಶಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹಾರ್ವೆ ವಿಟ್ನಿ ಫಾರ್ಮಸಿ ಇಂಟರ್ನ್‌ಶಿಪ್ ಆರಂಭಿಸಿದರು. ಮುಂದೆ 1942ರಲ್ಲಿ ಆಸ್ಪತ್ರೆ ಫಾರ್ಮಸಿಸ್ಟರ ರಾಷ್ಟ್ರೀಯ ಸಂಘಟನೆಯಾದ ಎಎಸ್‌ಎಚ್‌ಪಿ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರೂ ಅವರೇ. 1960ರ ದಶಕದ ಆರಂಭದಲ್ಲಿ ಈ ಸಂಘಟನೆ ರೆಸಿಡೆನ್ಸಿಗಳಿಗೆ ಮಾನ್ಯತೆ ಕೊಡಲು ಹೊರಟಿತು. ಆಗಲೂ ಫಾರ್ಮಸಿಸ್ಟ್ ಎಂದರೆ ಆಸ್ಪತ್ರೆಯ ಯಾವುದೋ ಮೂಲೆಯ ಔಷಧ ಕೋಣೆಯೊಳಗಿನ ಮನುಷ್ಯ.

ಆ ಕೋಣೆಯಿಂದ ಅವರನ್ನು ಹೊರತಂದ ಘಟನೆಗಳಲ್ಲಿ ಒಂದು 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆಯಿತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಆಸ್ಪತ್ರೆಯ ಒಂಬತ್ತನೇ ಮಹಡಿಯ ವಾರ್ಡಿನಲ್ಲೇ ಒಂದು ಚಿಕ್ಕ ಫಾರ್ಮಸಿ ತೆರೆದು, ಫಾರ್ಮಸಿಸ್ಟರು ವೈದ್ಯರ ಜೊತೆಗೇ ರೌಂಡ್ಸ್ ಹೋಗುವಂತೆ ಮಾಡಿದರು. ಕ್ಲಿನಿಕಲ್ ಫಾರ್ಮಸಿಯ ಇತಿಹಾಸ ಹೇಳುವವರು ಇಂದಿಗೂ ಈ ಒಂಬತ್ತನೇ ಮಹಡಿಯನ್ನು ನೆನೆಯುತ್ತಾರೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಈ ವಿಚಾರ ಎಮರ್ಜೆನ್ಸಿಯ ಬಾಗಿಲಿಗೂ ಬಂತು. ಮಿಸೌರಿಯ ಕ್ಯಾನ್ಸಸ್ ಸಿಟಿಯಲ್ಲಿ ರಾಬರ್ಟ್ ಎಲೆನ್‌ಬಾಸ್ ಮತ್ತು ಸಂಗಡಿಗರು ತುರ್ತು ವಿಭಾಗದಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟರ ಪಾತ್ರದ ಬಗ್ಗೆ 1977ರಲ್ಲಿ ವೃತ್ತಿ ಪತ್ರಿಕೆಯಲ್ಲಿ ಬರೆದರು.

ಇಷ್ಟು ಬೇಗ ಕಂಡ ದಾರಿಯಲ್ಲಿ ಮುಂದಿನ ಎರಡು ದಶಕ ಹೆಚ್ಚು ಜನ ನಡೆಯಲಿಲ್ಲ. ಇದಕ್ಕೆ ದೊಡ್ಡ ಕಾರಣ ದುಡ್ಡು ಎಂಬುದು ನನ್ನ ಅಭಿಪ್ರಾಯ. ಔಷಧ ಮಾರಿದರೆ ಬಿಲ್ ಆಗುತ್ತದೆ, ಸಲಹೆ ಕೊಟ್ಟರೆ ಆಗುವುದಿಲ್ಲ. ಅಮೆರಿಕದ ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್, ಫಾರ್ಮಸಿಸ್ಟರನ್ನು ಸೇವೆಗೆ ಬಿಲ್ ಹಾಕಬಲ್ಲ ಚಿಕಿತ್ಸಕರ ಸಾಲಿಗೆ ಈಗಲೂ ಸೇರಿಸಿಲ್ಲ. ತಪ್ಪಿಹೋದ ಅನಾಹುತಕ್ಕೆ ಯಾವ ಲೆಡ್ಜರಿನಲ್ಲೂ ಕಾಲಂ ಇರುವುದಿಲ್ಲ. ಹಾಗಿರುವಾಗ ಎಮರ್ಜೆನ್ಸಿಯಲ್ಲಿ ಸಂಬಳ ಕೊಟ್ಟು ಒಬ್ಬರನ್ನು ನಿಲ್ಲಿಸಬೇಕೆಂದು ಆಡಳಿತವನ್ನು ಒಪ್ಪಿಸುವುದು ಸುಲಭವಿರಲಿಲ್ಲ.

1999ರ ಕೊನೆಗೆ ಗಾಳಿ ಬದಲಾಯಿತು. ವೈದ್ಯಕೀಯ ತಪ್ಪುಗಳಿಂದ ಅಮೆರಿಕದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿರಬಹುದು ಎಂದು ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಅಂದಾಜು ಮಾಡಿತು. ಆ ಲೆಕ್ಕದ ಬಗ್ಗೆ ಬಹಳ ವಾದ ನಡೆದರೂ ಔಷಧದ ತಪ್ಪುಗಳನ್ನು ಮುಚ್ಚಿಡುವ ಕಾಲ ಮುಗಿಯಿತು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್, ಮೊದಲ ಡೋಸ್ ಕೊಡುವ ಮುನ್ನವೇ ಫಾರ್ಮಸಿಸ್ಟ್ ಆದೇಶವನ್ನು ಪರಿಶೀಲಿಸಬೇಕೆಂಬ ನಿಯಮವನ್ನು ಬಿಗಿ ಮಾಡಿತು. ಇದರಿಂದ ಚಿಕಿತ್ಸೆ ತಡವಾಗುತ್ತದೆ ಎಂದು ತುರ್ತು ವೈದ್ಯರು ಆಕ್ಷೇಪಿಸಿದರು. ಅವರ ಆತಂಕ ನ್ಯಾಯವಾದದ್ದೇ. ದೂರದ ಕೋಣೆಯಲ್ಲಿ ಕುಳಿತು ಪರಿಶೀಲಿಸುವುದಾದರೆ ತಡವಾಗದೆ ಇರುತ್ತದೆಯೇ? ಫಾರ್ಮಸಿಸ್ಟ್ ಹಾಸಿಗೆಯ ಪಕ್ಕದಲ್ಲೇ ಇದ್ದರೆ ಆ ತಕರಾರು ಉಳಿಯುವುದಿಲ್ಲ. 2000ದ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ತುರ್ತು ವೈದ್ಯ ರಾಲಿನ್ ಫೇರ್‌ಬ್ಯಾಂಕ್ಸ್ ಮತ್ತು ತಂಡ ಈ ಹುದ್ದೆಯನ್ನು ಅಧ್ಯಯನ ಮಾಡಿದಾಗ, ಜೊತೆಗೆ ದುಡಿದ ವೈದ್ಯರು ಮತ್ತು ನರ್ಸುಗಳಲ್ಲಿ ಬಹುತೇಕ ಎಲ್ಲರೂ ಫಾರ್ಮಸಿಸ್ಟ್ ಬೇಕೆಂದೇ ಹೇಳಿದರು. 2008ರಲ್ಲಿ ಎಎಸ್‌ಎಚ್‌ಪಿ ಈ ಹುದ್ದೆಯ ಬಗ್ಗೆ ತನ್ನ ನಿಲುವನ್ನು ಪ್ರಕಟಿಸಿತು, 2011ರಲ್ಲಿ ವಿವರವಾದ ಮಾರ್ಗಸೂಚಿ ತಂದಿತು. 2015ರಲ್ಲಿ ಎಮರ್ಜೆನ್ಸಿ ವೈದ್ಯರ ಸಂಘಟನೆಯೂ ಅಧಿಕೃತವಾಗಿ ಬೆಂಬಲಿಸಿತು.

ಹುದ್ದೆಗಳು ಹೆಚ್ಚಿದ ಮೇಲೆ ಅದರಲ್ಲಿ ನಿಲ್ಲಬಲ್ಲವರು ಯಾರು ಎಂಬ ಪ್ರಶ್ನೆ ಎದ್ದಿತು. ಮೊದಲಿನವರೆಲ್ಲ ಐಸಿಯುವಿನಿಂದ ಬಂದವರು, ಇಲ್ಲವೇ ಕೆಲಸ ಮಾಡುತ್ತಲೇ ಕಲಿತವರು. 2000ದ ದಶಕದ ಮಧ್ಯದಲ್ಲಿ ರೆಸಿಡೆನ್ಸಿ ಎರಡು ಹಂತವಾಯಿತು. ಪದವಿಯ ನಂತರದ ಮೊದಲ ವರ್ಷ ಎಲ್ಲ ವಾರ್ಡುಗಳ ಸಾಮಾನ್ಯ ತರಬೇತಿ, ಎರಡನೆಯದು ಒಂದೇ ವಿಷಯದ್ದು. ಎರಡನೇ ವರ್ಷಕ್ಕೆ ಎಮರ್ಜೆನ್ಸಿಯನ್ನು ಆರಿಸಿಕೊಂಡವರು ಹೃದಯ ನಿಂತ ರೋಗಿಯ ಪುನಶ್ಚೇತನ, ಅಪಘಾತ, ವಿಷಪ್ರಾಶನ, ಮಕ್ಕಳ ತುರ್ತು ಚಿಕಿತ್ಸೆ ಎಲ್ಲದರಲ್ಲೂ ತಂಡದೊಂದಿಗೆ ನಿಂತು ಕಲಿಯುತ್ತಾರೆ. ಜೊತೆಗೆ ಒಂದು ಸಂಶೋಧನೆಯನ್ನೂ ಮಾಡಬೇಕು.

ಪುಸ್ತಕ ಓದಿ ಇದೆಲ್ಲ ಬರುವುದಿಲ್ಲ ಎನ್ನುವುದಕ್ಕೆ ಒಂದು ಉದಾಹರಣೆ ಸಾಕು. ಉಸಿರಾಟ ಕುಸಿಯುತ್ತಿರುವ ರೋಗಿಯ ಗಂಟಲಿಗೆ ಟ್ಯೂಬ್ ಹಾಕುವ ಮುನ್ನ ಪ್ರಜ್ಞೆ ತಪ್ಪಿಸುವ ಔಷಧ ಮತ್ತು ಸ್ನಾಯುಗಳನ್ನು ಸಡಿಲಿಸುವ ಔಷಧ ಎರಡನ್ನೂ ಕೊಡುತ್ತಾರೆ. ಮೊದಲನೆಯದು ಎಟೊಮಿಡೇಟ್ ಆದರೆ ಸುಮಾರು ಐದು ಹತ್ತು ನಿಮಿಷಕ್ಕೆ ಇಳಿಯುತ್ತದೆ. ಎರಡನೆಯದು ರೊಕುರೋನಿಯಂ ಆದರೆ ಮುಕ್ಕಾಲು ಗಂಟೆಯೋ ಇನ್ನೂ ಹೆಚ್ಚೋ ಉಳಿಯುತ್ತದೆ. ಟ್ಯೂಬ್ ಸರಿಯಾಗಿ ಕೂತಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟು ಮುಂದಿನ ಕೆಲಸಕ್ಕೆ ತಿರುಗಿದಾಗ, ರೋಗಿಗೆ ಎಚ್ಚರವಾಗಿರಬಹುದು. ನೋವು ಗೊತ್ತಾಗುತ್ತಿರುತ್ತದೆ, ಬೆರಳೂ ಅಲುಗದು. ಆ ಹೊತ್ತಿಗೆ ಮುಂದಿನ ನಿದ್ರಾಜನಕವನ್ನೂ ನೋವಿನ ಔಷಧವನ್ನೂ ಸಿದ್ಧವಾಗಿ ಹಿಡಿದು ನಿಲ್ಲುವುದನ್ನು ಈ ತರಬೇತಿ ಅಭ್ಯಾಸ ಮಾಡಿಸುತ್ತದೆ. ಫಾರ್ಮಸಿಸ್ಟ್ ಇದ್ದ ಕಡೆ ಈ ಔಷಧಗಳು ಬೇಗ ಶುರುವಾಗುತ್ತವೆ ಎಂದು ಅಧ್ಯಯನಗಳು ಕಂಡಿವೆ. ಕೊನೆಗೆ ವೃತ್ತಿಯ ತಜ್ಞ ಮಂಡಳಿ ಎಮರ್ಜೆನ್ಸಿ ಫಾರ್ಮಸಿಗೆ ಪ್ರತ್ಯೇಕ ಪ್ರಮಾಣಪತ್ರವನ್ನು ಒಪ್ಪಿ, 2022ರಲ್ಲಿ ಮೊದಲ ಪರೀಕ್ಷೆ ನಡೆಸಿತು. ಕ್ಯಾನ್ಸಸ್ ಸಿಟಿಯ ಲೇಖನ ಬಂದು ಆಗಲೇ 45 ವರ್ಷವಾಗಿತ್ತು.

ಈ ಕಥೆಗೂ ನಮಗೂ ನಂಟಿದೆ. 1990ರ ದಶಕದ ಉತ್ತರಾರ್ಧದಲ್ಲಿ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಫಾರ್ಮಸಿ ಪ್ರಾಕ್ಟೀಸ್‌ನಲ್ಲಿ ಸ್ನಾತಕೋತ್ತರ ಕೋರ್ಸ್ ಆರಂಭಿಸಿ, ವಿದ್ಯಾರ್ಥಿಗಳನ್ನು ವಾರ್ಡಿಗೆ ಕಳುಹಿಸಿದ ದೇಶದ ಮೊದಲಿಗರಲ್ಲಿ ಒಂದಾಯಿತು. 2008ರಲ್ಲಿ ಆರು ವರ್ಷದ ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ) ಪದವಿ ಬಂತು. ಮರುವರ್ಷವೇ ತುರ್ತು ವೈದ್ಯಕೀಯಕ್ಕೂ ಭಾರತೀಯ ವೈದ್ಯಕೀಯ ಮಂಡಳಿ ಪ್ರತ್ಯೇಕ ಶಾಖೆಯ ಮಾನ್ಯತೆ ಕೊಟ್ಟಿತು. ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿದರೂ ಒಂದನ್ನೊಂದು ಸೇರಿ ಬೆಳೆಯಲಿಲ್ಲ. ಫಾರ್ಮ್ ಡಿಯ ಕೊನೆಯ ವರ್ಷದ ಇಂಟರ್ನ್‌ಶಿಪ್‌ನಲ್ಲಿ ಆರು ತಿಂಗಳು ಜನರಲ್ ಮೆಡಿಸಿನ್, ಉಳಿದ ಮೂರು ವಿಭಾಗಗಳಲ್ಲಿ ತಲಾ ಎರಡು ತಿಂಗಳು. ಎಮರ್ಜೆನ್ಸಿ ಆ ಮೂರರಲ್ಲಿ ಒಂದಾಗಬಹುದು, ಆಗದೆಯೂ ಇರಬಹುದು. ಮುಗಿಸಿದವರಲ್ಲಿ ಅನೇಕರು ಬೆಂಗಳೂರಿನ ಕ್ಲಿನಿಕಲ್ ರಿಸರ್ಚ್ ಮತ್ತು ಫಾರ್ಮಕೋವಿಜಿಲೆನ್ಸ್ (ಔಷಧಗಳ ಅಡ್ಡಪರಿಣಾಮಗಳ ಮೇಲೆ ಕಣ್ಣಿಡುವ) ಕಂಪನಿಗಳಿಗೆ ಹೋಗುತ್ತಾರೆ. ಆಸ್ಪತ್ರೆಯಲ್ಲಿ ಅವರಿಗೆ ತಕ್ಕ ಹುದ್ದೆಗಳೇ ಕಡಿಮೆ.

ಆದರೆ ಔಷಧದ ಲೆಕ್ಕ ಜೀವ ಉಳಿಸುವ ಪ್ರಸಂಗ ನಮ್ಮ ಎಮರ್ಜೆನ್ಸಿಗಳಲ್ಲಿ ಇನ್ನೂ ಹೆಚ್ಚು. ಬೆಳೆಗೆ ಹೊಡೆಯುವ ಕೀಟನಾಶಕ ಕುಡಿದು ಬಂದವರಿಗೆ ಅಟ್ರೊಪಿನ್ ಅನ್ನು ಐದೈದು ನಿಮಿಷಕ್ಕೆ ದುಪ್ಪಟ್ಟು ಮಾಡುತ್ತ, ಶ್ವಾಸಕೋಶದ ಕಫ ಆರುವವರೆಗೂ ಕೊಡಬೇಕಾಗುತ್ತದೆ. ನಿಲ್ಲಿಸುವ ಹೊತ್ತು ತಪ್ಪಿದರೆ ಅಟ್ರೊಪಿನ್ನೇ ವಿಷವಾಗುತ್ತದೆ. ಹಾವು ಕಚ್ಚಿದವರಿಗೆ ಮೊದಲ ಬಾರಿಗೆ ಹತ್ತು ವೈಯಲ್‌ನಷ್ಟು ಪ್ರತಿವಿಷ ಕರಗಿಸಿ ಹರಿಸುವಾಗ, ಅಲರ್ಜಿಗೆಂದು ಅಡ್ರಿನಲಿನ್ ಸಿರಿಂಜಿನಲ್ಲಿ ಸಿದ್ಧವಿರಬೇಕು. ಇದೇ ವೇಳೆಯಲ್ಲಿ ನಮ್ಮ ಎಷ್ಟೋ ಆಸ್ಪತ್ರೆಗಳ ಫಾರ್ಮಸಿಸ್ಟ್ ಕೌಂಟರಿನಲ್ಲಿ ಇಂಡೆಂಟ್ ಮತ್ತು ದಾಸ್ತಾನು ಪುಸ್ತಕ ಬರೆಯುತ್ತಿರುತ್ತಾರೆ.

ಕರ್ನಾಟಕದ ಹಲವು ದೊಡ್ಡ ಕ್ಯಾಂಪಸ್ಸುಗಳಲ್ಲಿ ವೈದ್ಯಕೀಯ ಕಾಲೇಜು, ಫಾರ್ಮ್ ಡಿ ಕಾಲೇಜು ಮತ್ತು ತುರ್ತು ವೈದ್ಯಕೀಯ ವಿಭಾಗ ಒಂದೇ ಆವರಣದಲ್ಲಿವೆ. ಇಂಟರ್ನ್‌ಶಿಪ್ ಮುಗಿಸಿದ ಒಬ್ಬರಿಗೋ ಇಬ್ಬರಿಗೋ ಸ್ಟೈಪೆಂಡ್ ಕೊಟ್ಟು, ರಾತ್ರಿ ಪಾಳಿಯೂ ಸೇರಿದಂತೆ ಇಡೀ ವರ್ಷ ಎಮರ್ಜೆನ್ಸಿಯಲ್ಲೇ ಇಟ್ಟುಕೊಂಡು, ತಡೆದ ತಪ್ಪುಗಳನ್ನು ದಾಖಲಿಸುತ್ತ ಹೋಗುವುದಕ್ಕೆ ಅಲ್ಲಿ ಹೊಸ ಕಟ್ಟಡವೂ ಬೇಡ, ಹೊಸ ಪದವಿಯೂ ಬೇಡ.