ನೌಕರನ ವೀಸಾ ಕಂಪನಿ ನೋಡುತ್ತೆ, ಮನೆಯವರದು?

ಹುಬ್ಬಳ್ಳಿ ವಿದ್ಯಾನಗರದ ನನ್ನ ಆಫೀಸಿಗೆ ಬರುವವರ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ಸರ, ನಂದು ಕಂಪನಿಯವ್ರು ಮಾಡ್ಯಾರ್ರಿ. ಮನಿಯವರದು, ಹುಡುಗಂದು ಏನ್ ಮಾಡ್ಬೇಕ್ರಿ?"

ಕಂಪನಿ ತನ್ನ ನೌಕರನನ್ನು ಅಮೆರಿಕದಲ್ಲಿರುವ ತನ್ನದೇ ಶಾಖೆಗೆ ವರ್ಗ ಮಾಡಿದರೆ ಅವನಿಗೆ ಸಿಗುವುದು ಎಲ್-1 ವೀಸಾ. ಹೆಂಡತಿ ಅಥವಾ ಗಂಡನಿಗೆ, 21 ತುಂಬದ ಮದುವೆಯಾಗದ ಮಕ್ಕಳಿಗೆ ಎಲ್-2. ತೊಟ್ಟಿಲ ಕೂಸಿಗೂ ಬೇರೆ ಪಾಸ್‌ಪೋರ್ಟ್, ಬೇರೆ ಡಿಎಸ್-160 (ಅಮೆರಿಕದ ವೀಸಾ ಅರ್ಜಿ ಫಾರಂ) ಬೇಕು. ಇದನ್ನೆಲ್ಲ ತುಂಬೋದು ಒಂದು ಸಂಜೆಯ ಕೆಲಸ. ತಿಂಗಳುಗಟ್ಟಲೆ ತಡವಾಗುವುದು ಮನೆಯ ಟ್ರಂಕಿನಲ್ಲಿರುವ ಕಾಗದಗಳಿಂದ.

ಮೊದಲು ಮದುವೆ. ಲಗ್ನಪತ್ರಿಕೆ ಇದೆ, ದಪ್ಪ ಆಲ್ಬಮ್ ಇದೆ, ಆದರೆ ಸಬ್ ರಿಜಿಸ್ಟ್ರಾರ್ ಕೊಟ್ಟ ಸರ್ಟಿಫಿಕೇಟ್ ಇಲ್ಲ! ಆಲ್ಬಮ್ ಸಾಕ್ಷಿಗೆ ನೆರವಾಗುತ್ತೆ, ಸರ್ಟಿಫಿಕೇಟಿನ ಜಾಗ ತುಂಬೋದಿಲ್ಲ. ನೋಂದಣಿ ಮಾಡಿಸುವಾಗ ಇಬ್ಬರ ಹೆಸರನ್ನೂ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಬರೆಸಿ. ನಮ್ಮ ಕಡೆ ಕೆಲವು ಮನೆಗಳಲ್ಲಿ ಸೊಸೆಗೆ ಅಕ್ಕಿಯ ಮೇಲೆ ಹೊಸ ಹೆಸರು ಬರೆಯುತ್ತಾರೆ. ಚೆಂದದ ಪದ್ಧತಿ, ಆದರೆ ಆ ಹೆಸರು ಸರ್ಟಿಫಿಕೇಟಿಗೆ ಬಂದು, ಪಾಸ್‌ಪೋರ್ಟ್‌ನಲ್ಲಿ ತವರಿನ ಹೆಸರು ಉಳಿದರೆ ಫಜೀತಿ. ತವರಿನ ಅಡ್ಡಹೆಸರಿನಲ್ಲೇ ಪಾಸ್‌ಪೋರ್ಟ್ ಇದ್ದರೆ ಹಾಗೇ ಬಿಡಿ ಅಂತಲೇ ನಾನು ಹೇಳೋದು. ಹೊರಡುವ ಹೊತ್ತಿಗೆ ಸುಮ್ನೆ ಹೆಸರು ಬದಲಿಸಲು ಹೋಗಬೇಡಿ.

ಆಮೇಲೆ ಮಗುವಿನ ಜನನ ಪ್ರಮಾಣಪತ್ರ. ನಾಮಕರಣಕ್ಕೆ ಮುಂಚೆಯೇ ತೆಗೆಸಿರುತ್ತಾರೆ, ಹೆಸರಿನ ಜಾಗ ಖಾಲಿ. ಹುಟ್ಟು ನೋಂದಣಿಯಾದ ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು. ಆದರೆ ಎಲ್ಲಿ? ಮಗು ಹುಟ್ಟಿದ ಊರಲ್ಲಿ. ಮೊದಲ ಹೆರಿಗೆ ತವರಿನಲ್ಲಿ ಅಲ್ವಾ? ಹಾಗಾಗಿ ಧಾರವಾಡದ ದಂಪತಿ ರಾಣೇಬೆನ್ನೂರಿಗೆ ಓಡಾಡಿದ್ದನ್ನು ನೋಡಿದ್ದೇನೆ.

ಮಗುವಿನ ಪಾಸ್‌ಪೋರ್ಟ್ ಅರ್ಜಿಯಲ್ಲಿ ಅಡ್ಡಹೆಸರಿನ ಕಾಲಂ ಖಾಲಿ ಬಿಡಬೇಡಿ. ಬಿಟ್ಟರೆ ಅಮೆರಿಕದ ವೀಸಾದಲ್ಲಿ ಪೂರ್ತಿ ಹೆಸರು ಅಡ್ಡಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರುತ್ತೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಅಡ್ಡಹೆಸರಿಗೆ ಬರವೇ ಇಲ್ಲದ ನಮ್ಮ ನಾಡಿನ ಮಕ್ಕಳಿಗೆ ಇದೊಂದು ತಮಾಷೆ.

ಸಂಗಾತಿಗೆ ಅಲ್ಲಿ ಕೆಲಸ ಮಾಡಲು ಬೇರೆ ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ ಇಳಿದ ಮೇಲೆ ದೇಶದೊಳಗೆ ಬಂದದ್ದನ್ನು ತೋರಿಸುವ ಐ-94 ದಾಖಲೆಯಲ್ಲಿ 'ಎಲ್-2ಎಸ್' (ಎಲ್-2 ಸಂಗಾತಿ) ಅಂತ ಇದೆಯಾ ನೋಡಿಕೊಳ್ಳಿ. 2022ರಿಂದ ಹೀಗೆ ಗುರುತು ಹಾಕುತ್ತಿದ್ದಾರೆ. ಜಪಾನ್ ಅಷ್ಟು ಉದಾರಿಯಲ್ಲ. ಅಲ್ಲಿ ಅವಲಂಬಿತರು ಅನುಮತಿ ಪಡೆದು ವಾರಕ್ಕೆ 28 ಗಂಟೆ ದುಡಿಯಬಹುದು, ಅಷ್ಟೇ.

"ಅಪ್ಪ-ಅವ್ವ?" ಅಂತ ಕೊನೆಗೆ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಎಲ್-2 ಅವರಿಗೆ ಇಲ್ಲ. ಬಿ-2 ಪ್ರವಾಸಿ ವೀಸಾಕ್ಕೆ ಅವರದೇ ಬೇರೆ ಅರ್ಜಿ ಹಾಕಬೇಕು.