ಓಡುವ ವಾಚಿನಲ್ಲಿ ನಿಲ್ಲುವ ಎಣ್ಣೆ

ಕೀಲಿ ಕೊಡುವ ವಾಚಿನ ಹಿಂಬದಿ ಮುಚ್ಚಳ ಬಿಚ್ಚಿದರೆ ಅತ್ತಿತ್ತ ಹೊರಳುತ್ತಲೇ ಇರುವ ಬ್ಯಾಲೆನ್ಸ್ ಚಕ್ರ ಕಾಣುತ್ತದೆ. ಈಗಿನ ಬಹಳಷ್ಟು ವಾಚುಗಳಲ್ಲಿ ಅದು ಗಂಟೆಗೆ 28,800 ಸಲ ಹೊರಳುತ್ತದೆ. ದಿನಕ್ಕೆ 6,91,200 ಸಲ, ವರ್ಷಕ್ಕೆ 25 ಕೋಟಿಗೂ ಹೆಚ್ಚು. ಇಷ್ಟೆಲ್ಲ ಓಡಾಟವನ್ನು ಹೊರುವುದು ಅಚ್ಚಿನ ಎರಡು ತುದಿಗಳಲ್ಲಿರುವ ಉಕ್ಕಿನ ಮೊನೆಗಳು. ಒಂದೊಂದರ ದಪ್ಪ ಸುಮಾರು 0.1 ಮಿಲಿಮೀಟರ್. ಅಲ್ಲಿರುವ ಎಣ್ಣೆಯನ್ನು ಹನಿ ಎನ್ನುವುದೂ ಹೆಚ್ಚೇ. ಅಷ್ಟರಲ್ಲೇ ವಾಚು ನಾಲ್ಕೈದು ವರ್ಷ ನಡೆಯಬೇಕು.

ನುಣುಪು ಕೊಡುವುದೇ ಎಣ್ಣೆಯ ಕೆಲಸವಾಗಿದ್ದರೆ ಯಾವ ಎಣ್ಣೆಯಾದರೂ ಸಾಕಿತ್ತು. ವಾಚಿನ ಎಣ್ಣೆಗೆ ಇರುವ ಕಷ್ಟ ಬೇರೆಯೇ: ಹಾಕಿದ ಜಾಗದಲ್ಲೇ ಅದು ನಿಲ್ಲಬೇಕು. ಹರಡಬಾರದು, ಆರಬಾರದು, ಅಂಟಾಗಬಾರದು, ಹಿತ್ತಾಳೆಯನ್ನು ತಿನ್ನಬಾರದು. ಹಿಂದಿನವರು ಬಳಸುತ್ತಿದ್ದ ಆಲಿವ್ ಎಣ್ಣೆ ಮತ್ತು ಪ್ರಾಣಿಗಳ ಕೊಬ್ಬು ಈ ಪರೀಕ್ಷೆಯಲ್ಲಿ ಸೋತವು. ಅವುಗಳಲ್ಲಿನ ಕೊಬ್ಬಿನಾಮ್ಲಗಳು ಹಿತ್ತಾಳೆಯ ತಾಮ್ರದೊಡನೆ ಸೇರಿ ಹಸಿರು ಜಿಡ್ಡಾಗುತ್ತಿದ್ದವು.

ಹದಿನೆಂಟನೆಯ ಶತಮಾನದ ಗಡಿಯಾರ ತಯಾರಕ ಜಾನ್ ಹ್ಯಾರಿಸನ್ ಮೂಲತಃ ಬಡಗಿ. ಈ ತಲೆನೋವೇ ಬೇಡವೆಂದು ಅವನು ಉರುಳೆಗಳನ್ನೂ ಮೊನೆ ತಿರುಗುವ ಕುಳಿಗಳನ್ನೂ ಲಿಗ್ನಮ್ ವೀಟೆ ಎಂಬ ಮರದಲ್ಲಿ ಮಾಡಿದ. ಆ ಮರದೊಳಗೇ ಎಣ್ಣೆಯಂಶವಿದೆ. 1722ರ ಸುಮಾರಿಗೆ ಇಂಗ್ಲೆಂಡಿನ ಬ್ರಾಕಲ್ಸ್‌ಬಿ ಪಾರ್ಕಿನ ಕುದುರೆಲಾಯಕ್ಕೆ ಅವನು ಮಾಡಿಕೊಟ್ಟ ಗಡಿಯಾರ ಇಂದಿಗೂ ನಡೆಯುತ್ತಿದೆ. ಆದರೆ 1759ರಲ್ಲಿ ಮುಗಿಸಿದ ಎಚ್-4 ಎಂಬ ಹಡಗಿನ ವಾಚು ಅಂಗೈಯಗಲದ್ದು. ಅಲ್ಲಿ ಮರಕ್ಕೆ ಜಾಗವಿರಲಿಲ್ಲ. ವಜ್ರದ ತುಂಡುಗಳನ್ನು ಕೂರಿಸಿದ ಮೇಲೂ ಅವನು ಎಣ್ಣೆಗೇ ಶರಣಾಗಬೇಕಾಯಿತು.

ಆಮೇಲೆ ಬಹುಕಾಲ ಒಳ್ಳೆಯ ಎಣ್ಣೆ ಎಂದರೆ ಡಾಲ್ಫಿನ್ನನ್ನು ಹೋಲುವ ಪೋರ್ಪಸ್ ಮತ್ತು ಸಣ್ಣ ಜಾತಿಯ ತಿಮಿಂಗಿಲಗಳ ದವಡೆಯಿಂದ ತೆಗೆದದ್ದು. ಚಳಿಗೆ ಅದು ಬೇಗ ಗಟ್ಟಿಯಾಗುತ್ತಿರಲಿಲ್ಲ, ಅಂಟಾಗುವುದೂ ಕಡಿಮೆ. ಅಮೆರಿಕದ ನ್ಯೂ ಬೆಡ್‌ಫರ್ಡ್ ಬಂದರಿನಲ್ಲಿ ಇದರ ವ್ಯಾಪಾರ ನಡೆಯುತ್ತಿತ್ತು. 1972ರ ಕಡಲ ಸಸ್ತನಿಗಳ ಸಂರಕ್ಷಣಾ ಕಾಯ್ದೆ ಅಲ್ಲಿ ಆ ದಾರಿಯನ್ನು ಮುಚ್ಚಿತು. ಅಷ್ಟರಲ್ಲಿ ಪ್ರಯೋಗಾಲಯದ ಕೃತಕ ಎಣ್ಣೆಗಳು ಬಂದಿದ್ದವು, ಪುಣ್ಯಕ್ಕೆ.

ಎಣ್ಣೆಯನ್ನು ಹಿಡಿದಿಡುವ ಅರ್ಧ ಕೆಲಸವನ್ನು ಕಲ್ಲಿನ ಆಕಾರವೇ ಮಾಡುತ್ತದೆ. '17 ಜ್ಯುವೆಲ್ಸ್' ಎಂದು ಡಯಲ್ ಮೇಲೆ ಬರೆದಿರುತ್ತದಲ್ಲ, ಅವು ಕೃತಕ ಮಾಣಿಕ್ಯದ ಪುಟ್ಟ ಕಲ್ಲುಗಳು. ಬ್ಯಾಲೆನ್ಸ್ ಚಕ್ರದ ಅಚ್ಚಿನ ಒಂದೊಂದು ತುದಿಯಲ್ಲೂ ಇಂಥ ಎರಡು ಕಲ್ಲುಗಳಿರುತ್ತವೆ. ಒಂದು ತೂತಿರುವುದು, ಹೊರಮೈ ತುಸು ಉಬ್ಬಿದ್ದು; ಅದರ ಮೇಲೆ ಕೂರುವ ಇನ್ನೊಂದು ಚಪ್ಪಟೆ. ಇವೆರಡರ ನಡುವಿನ ಸಂದು ತೂತಿನ ಹತ್ತಿರ ಅತಿ ಕಿರಿದು, ಅಂಚಿಗೆ ಹೋದಂತೆ ಅಗಲ. ದ್ರವ ಯಾವಾಗಲೂ ಕಿರಿದಾದ ಸಂದಿಗೇ ಎಳೆದುಕೊಂಡು ಹೋಗುತ್ತದೆ. ಲಾಟೀನಿನ ಬತ್ತಿ ಎಣ್ಣೆ ಹೀರುವುದೂ ಇದೇ ಬಲದಿಂದ. ಹಾಗಾಗಿ ಎಣ್ಣೆ ತಾನಾಗಿಯೇ ಮೊನೆಯ ಸುತ್ತ ಬಂದು ಕೂರುತ್ತದೆ.

ರಿಪೇರಿ ಮಾಡುವವರು ಚಪ್ಪಟೆ ಕಲ್ಲನ್ನು ತೊಳೆದು, ತುದಿ ಅಗಲಿಸಿದ ಸೂಜಿಯಿಂದ ಅದರ ನಡುಮಧ್ಯಕ್ಕೆ ಎಣ್ಣೆ ಮುಟ್ಟಿಸುತ್ತಾರೆ. ಜೋಡಿಸಿದ ಮೇಲೆ ಮಸೂರ ಹಿಡಿದು ನೋಡಿದರೆ ಕೆಂಪು ಕಲ್ಲಿನೊಳಗೆ ದುಂಡನೆಯ ವೃತ್ತವೊಂದು ಕಾಣುತ್ತದೆ. ಅದೇ ಎಣ್ಣೆಯ ಅಂಚು. ವೃತ್ತ ಕಲ್ಲಿನ ಅಗಲದ ಅರ್ಧಕ್ಕಿಂತ ತುಸು ಹೆಚ್ಚಿದ್ದರೆ ಸರಿ. ಅದು ಕಲ್ಲಿನ ಅಂಚನ್ನು ಮುಟ್ಟಿತೋ ಕೆಲಸ ಕೆಟ್ಟಿತು: ಸುತ್ತಲಿನ ಲೋಹ ಎಣ್ಣೆಯನ್ನು ಎಳೆದುಕೊಂಡು ಮೊನೆಯನ್ನು ಒಣಗಿಸುತ್ತದೆ. ಹೆಚ್ಚು ಎಣ್ಣೆ ಹಾಕಿದ್ದಕ್ಕೇ ಎಣ್ಣೆ ಇಲ್ಲದಂತಾಗುವುದು ಈ ಕಸುಬಿನ ತಮಾಷೆ.

ಇಂಥ ಆಕಾರ ಕೊಡಲು ಆಗದ ಕಡೆ ಎಪಿಲೇಮ್ ಎಂಬ ಉಪಾಯವಿದೆ. ಭಾಗವನ್ನು ಆ ದ್ರಾವಣದಲ್ಲಿ ಅದ್ದಿ ಒಣಗಿಸಿದರೆ ಕಣ್ಣಿಗೆ ಕಾಣದ ಪೊರೆ ಉಳಿಯುತ್ತದೆ. ಅದರ ಮೇಲೆ ಎಣ್ಣೆ ಹರಡದೆ ಗುಂಡಗೆ ನಿಲ್ಲುತ್ತದೆ.

ವಾಚಿಗೆಲ್ಲ ಒಂದೇ ಎಣ್ಣೆಯೂ ನಡೆಯದು. ಕೀಲಿ ಕೊಟ್ಟಾಗ ಸುತ್ತಿಕೊಂಡು ವಾಚನ್ನು ಓಡಿಸುವ ಸ್ಪ್ರಿಂಗಿನ ಹತ್ತಿರದ ಚಕ್ರಗಳು ನಿಧಾನ, ಆದರೆ ಒತ್ತಡ ಜಾಸ್ತಿ. ತೆಳು ಎಣ್ಣೆ ಹಾಕಿದರೆ ಹಿಂಡಿಹೋಗುತ್ತದೆ. ಬ್ಯಾಲೆನ್ಸ್ ಬಳಿ ವೇಗ ಹೆಚ್ಚು, ಬಲ ಅತ್ಯಲ್ಪ; ಮಂದ ಎಣ್ಣೆ ಅಲ್ಲಿ ಚಕ್ರವನ್ನೇ ಹಿಡಿದುಬಿಡುತ್ತದೆ. ಮೋಬಿಯಸ್ ಕಂಪನಿಯ 9010 ಎಂಬ ತೆಳು ಎಣ್ಣೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿಗಿಂತ ಸುಮಾರು 150 ಪಟ್ಟು ಮಂದ, ಡಿ-5 ಎಂಬುದು ಸುಮಾರು 1,200 ಪಟ್ಟು. ಇನ್ನು ಆಟೋಮ್ಯಾಟಿಕ್ ವಾಚಿನ ಸ್ಪ್ರಿಂಗ್ ಡಬ್ಬಿಯ ಒಳಗೋಡೆಗೆ ಬಳಿಯುವ ಗ್ರೀಸಿನ ಕೆಲಸ ಜಾರಿಸುವುದಲ್ಲ, ತಡೆಯುವುದು. ಸ್ಪ್ರಿಂಗ್ ಪೂರ್ತಿ ಸುತ್ತಿಕೊಂಡ ಮೇಲಷ್ಟೇ ಅದರ ಹೊರತುದಿ ಗೋಡೆಯ ಮೇಲೆ ಜಾರಬೇಕು. ಮೊದಲೇ ಜಾರಿದರೆ ವಾಚಿನಲ್ಲಿ ಬಲವೇ ತುಂಬುವುದಿಲ್ಲ.

ಎಣ್ಣೆ ತಾಕಿಸಲೇಬಾರದ ಜಾಗಗಳೂ ಇವೆ. ಬ್ಯಾಲೆನ್ಸ್ ಚಕ್ರವನ್ನು ಅತ್ತಿತ್ತ ಹೊರಳಿಸುವ, ಕೂದಲೆಳೆಯಂಥ ಹೇರ್‌ಸ್ಪ್ರಿಂಗಿಗೆ ಎಣ್ಣೆ ಸೋಕಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವಾಚು ವಿಪರೀತ ಮುಂದೆ ಓಡುತ್ತದೆ. ಚಕ್ರಗಳ ಹಲ್ಲುಗಳನ್ನೂ ಸಾಮಾನ್ಯವಾಗಿ ಒಣಗಲೇ ಬಿಡುತ್ತಾರೆ. ಅಲ್ಲಿ ಎಣ್ಣೆ ದೂಳು ಹಿಡಿಯುತ್ತದೆ. ದೂಳು ಮೆದು ಹಿತ್ತಾಳೆಯಲ್ಲಿ ಹೂತುಕೊಂಡು ಗಟ್ಟಿ ಉಕ್ಕನ್ನೇ ಅರೆಯುತ್ತದೆ. ಹಳೇ ವಾಚುಗಳಲ್ಲಿ ಎಷ್ಟೋ ಸಲ ಸವೆದಿರುವುದು ಹಿತ್ತಾಳೆಯಲ್ಲ, ಉಕ್ಕು.

ಎಣ್ಣೆಯ ಹಂಗಿನಿಂದ ಬಿಡಿಸಿಕೊಳ್ಳುವ ಪ್ರಯತ್ನ ಹ್ಯಾರಿಸನ್‌ಗೇ ಮುಗಿಯಲಿಲ್ಲ. ಸ್ಪ್ರಿಂಗಿನ ಬಲವನ್ನು ಚೂರುಚೂರಾಗಿ ಬ್ಯಾಲೆನ್ಸ್ ಚಕ್ರಕ್ಕೆ ದಾಟಿಸುವ ಭಾಗಕ್ಕೆ ಎಸ್ಕೇಪ್‌ಮೆಂಟ್ ಎನ್ನುತ್ತಾರೆ. ಇಂಗ್ಲೆಂಡಿನ ವಾಚು ತಯಾರಕ ಜಾರ್ಜ್ ಡೇನಿಯಲ್ಸ್, ಚಕ್ರದ ಹಲ್ಲು ಕಲ್ಲಿನ ಮೇಲೆ ಉಜ್ಜುತ್ತಾ ಜಾರುವ ಬದಲು ತಳ್ಳಿ ಬಿಡುವಂಥ ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟ್ ರೂಪಿಸಿದರು. 1999ರಲ್ಲಿ ಒಮೆಗಾ ಅದನ್ನು ಮಾರುಕಟ್ಟೆಗೆ ತಂದಿತು, ಆದರೂ ಅಲ್ಲಿಗೂ ಚೂರು ಎಣ್ಣೆ ಬೇಕಾಯಿತು. 2001ರಲ್ಲಿ ಯುಲಿಸ್ ನಾರ್ಡಾನ್ ಕಂಪನಿಯ ಫ್ರೀಕ್ ವಾಚಿನಲ್ಲಿ ಸಿಲಿಕಾನ್ ಚಕ್ರಗಳು ಬಂದವು. ಸಿಲಿಕಾನ್ ಹಗುರ, ನುಣುಪು, ಎಣ್ಣೆಯ ಗೊಡವೆಯೂ ಅದಕ್ಕೆ ಕಡಿಮೆ. ಆದರೆ ಅದು ಬಂದಿರುವುದು ಎಸ್ಕೇಪ್‌ಮೆಂಟ್ ಮತ್ತು ಹೇರ್‌ಸ್ಪ್ರಿಂಗಿನಂಥ ಕೆಲವೇ ಭಾಗಗಳಿಗೆ. ಉಳಿದ ಚಕ್ರಗಳ ಮೊನೆಗಳು ಉಕ್ಕಿನವೇ, ಅವು ಎಣ್ಣೆಯಲ್ಲೇ ತಿರುಗುತ್ತಿವೆ.