ಬಸುರಿಯ ಕಿಡ್ನಿಗೆ ಅವಸರ ಜಾಸ್ತಿ

ಟೆಸ್ಟ್ ಪಟ್ಟಿಯಲ್ಲಿ ಎರಡು ಗೆರೆ ಮೂಡಿದ ದಿನವೇ ಮನಸ್ಸಿನ ಕಾಯಿಲೆಯ ಮಾತ್ರೆಗಳನ್ನೆಲ್ಲ ಕಸದ ಬುಟ್ಟಿಗೆ ಹಾಕುವವರಿದ್ದಾರೆ. ಥೈರಾಯ್ಡ್ ಮಾತ್ರೆಯನ್ನು ಹಾಗೆ ಎಸೆಯುವುದಿಲ್ಲ, ಇನ್ಸುಲಿನ್ನನ್ನೂ ಎಸೆಯುವುದಿಲ್ಲ. ಡಿಪ್ರೆಶನ್, ಇಲ್ಲವೇ ಮನಸ್ಸು ಉನ್ಮಾದದ ಅಬ್ಬರಕ್ಕೂ ಖಿನ್ನತೆಯ ಪಾತಾಳಕ್ಕೂ ಓಲಾಡುವ ಬೈಪೋಲಾರ್ ಅಂದ ಕೂಡಲೇ ಮಾತ್ರ ‘ಒಂಬತ್ತು ತಿಂಗಳು ಮನಸ್ಸು ಗಟ್ಟಿ ಮಾಡ್ಕೋ’ ಅನ್ನುವ ಉಪದೇಶ ಬರುತ್ತದೆ. ಮನಸ್ಸು ಗಟ್ಟಿ ಮಾಡಿಕೊಂಡರೆ ಹೋಗುವ ಕಾಯಿಲೆಯಾಗಿದ್ದರೆ ಮಾತ್ರೆ ಯಾಕೆ ಬೇಕಿತ್ತು?

ಈ ಭಯಕ್ಕೆ ಕಾರಣವಿಲ್ಲ ಅಂತಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ದೆ ಮಾತ್ರೆ ಮಾರಾಟಕ್ಕೆ ಬಂತು. ಬಸುರಿಯರ ವಾಂತಿಗೂ ಅದನ್ನೇ ಕೊಟ್ಟರು. 1961ರ ಕೊನೆಗೆ ಅದನ್ನು ವಾಪಸ್ ತೆಗೆದುಕೊಳ್ಳುವಷ್ಟರಲ್ಲಿ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ್ದವು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿ ಕಂಪನಿಯ ಒತ್ತಡಕ್ಕೆ ಮಣಿಯದೆ ಅನುಮತಿ ತಡೆಹಿಡಿದರು. ಅಲ್ಲಿನ ಬಹುಪಾಲು ಮಕ್ಕಳು ಬಚಾವಾದರು. ಆ ಪೆಟ್ಟಿನ ನಂತರ ಬಸುರಿಯ ಕೈಯಲ್ಲಿ ಯಾವ ಮಾತ್ರೆ ಕಂಡರೂ ಜನಕ್ಕೆ ಥಾಲಿಡೊಮೈಡ್ ನೆನಪಾಗುತ್ತದೆ.

ಆದರೆ ಮಾತ್ರೆ ಮಾತ್ರೆಗೂ ವ್ಯತ್ಯಾಸವಿದೆ. ಯಾವ ಔಷಧಿಯನ್ನೂ ಮುಟ್ಟದ ತಾಯಂದಿರ 100 ಮಕ್ಕಳಲ್ಲೂ ಎರಡು-ಮೂರು ಮಕ್ಕಳಿಗೆ ಹುಟ್ಟಿನಿಂದಲೇ ಏನಾದರೂ ದೊಡ್ಡ ದೋಷ ಇರುತ್ತದೆ. ಬೈಪೋಲಾರಿಗೂ ಮೂರ್ಛೆರೋಗಕ್ಕೂ ಕೊಡುವ ವಾಲ್‌ಪ್ರೊಯೇಟ್ ತೆಗೆದುಕೊಂಡರೆ ಅದು ಸುಮಾರು 10ಕ್ಕೆ ಏರುತ್ತದೆ, ಮಗುವಿನ ಬುದ್ಧಿ ಬೆಳವಣಿಗೆಗೂ ಪೆಟ್ಟು ಬೀಳುತ್ತದೆ. ಮಿದುಳು, ಬೆನ್ನುಹುರಿ ಆಗಬೇಕಾದ ಕೊಳವೆ ಗರ್ಭ ನಿಂತ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನಕ್ಕೆ ಆಗ ತಾನು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಹಾಗಾಗಿ ವಾಲ್‌ಪ್ರೊಯೇಟ್ ಬದಲಿಸುವ ಮಾತು ಗರ್ಭ ನಿಲ್ಲುವ ಮೊದಲೇ ಆಗಬೇಕು. ಡಿಪ್ರೆಶನ್ನಿಗೆ ಕೊಡುವ ಸರ್ಟ್ರಲೀನ್ ಇದರ ಇನ್ನೊಂದು ತುದಿ. ವರ್ಷಗಟ್ಟಲೆ ಬಳಕೆಯಲ್ಲಿದೆ, ಎದೆಹಾಲಿಗೆ ಹೋಗುವುದೂ ತೀರಾ ಕಡಿಮೆ.

ನನಗೆ ಎಲ್ಲಕ್ಕಿಂತ ಮಜಾ ಅನಿಸುವುದು ಬೈಪೋಲಾರಿಗೆ ಕೊಡುವ ಲಿಥಿಯಂ. ಫೋನಿನ ಬ್ಯಾಟರಿಯಲ್ಲಿರುವ ಅದೇ ಧಾತು. ಇದನ್ನು 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಕೊಟ್ಟು ನೋಡಿದರು. 1970ರ ದಶಕದಲ್ಲಿ ಇದರ ಬಗ್ಗೆ ದೊಡ್ಡ ಗುಲ್ಲೆದ್ದಿತು: ಎಬ್‌ಸ್ಟೈನ್ ಎಂಬ ಅಪರೂಪದ ಹೃದಯದೋಷ ಇದರಿಂದ ನೂರಾರು ಪಟ್ಟು ಹೆಚ್ಚುತ್ತದಂತೆ! ಆ ಲೆಕ್ಕ ಬಂದದ್ದು ವೈದ್ಯರು ತಾವಾಗಿ ಬರೆದು ಕಳಿಸಿದ ವರದಿಗಳಿಂದ. ತೊಂದರೆಯಾದ ಮಗುವಿನ ಬಗ್ಗೆ ಬರೆಯುತ್ತಾರೆ, ಆರಾಮಾಗಿರುವ ಮಗುವಿನ ಬಗ್ಗೆ ಯಾರು ಬರೆಯುತ್ತಾರೆ? ಪೊಲೀಸ್ ಠಾಣೆಯ ದೂರಿನ ಪುಸ್ತಕ ಓದಿ ಊರಲ್ಲೆಲ್ಲ ಕಳ್ಳರೇ ಅಂದ ಹಾಗಾಯಿತು. ಆಮೇಲೆ 2017ರಲ್ಲಿ ಅಮೆರಿಕದಲ್ಲಿ ಲಕ್ಷಗಟ್ಟಲೆ ಹೆರಿಗೆಗಳನ್ನು ನೋಡಿದಾಗ ಎಲ್ಲ ಬಗೆಯ ಹೃದಯದೋಷ ಸೇರಿ ಸಿಕ್ಕಿದ್ದು 100ಕ್ಕೆ ಸುಮಾರು 2.4. ಲಿಥಿಯಂ ಇಲ್ಲದವರಲ್ಲಿ 1.15. ಅಪಾಯ ಇದೆ, ಡೋಸ್ ಜಾಸ್ತಿಯಾದಷ್ಟೂ ಏರುತ್ತದೆ. ಆದರೆ ನೂರಾರು ಪಟ್ಟು ಎಲ್ಲಿ, ಇದೆಲ್ಲಿ!

ಇನ್ನು ಕಿಡ್ನಿಯ ಕಥೆ. ಲಿಥಿಯಂ ಕರಗಿ ಬೇರೇನೋ ಆಗುವುದಿಲ್ಲ, ಲಿವರಿಗೂ ಅದರ ಗೊಡವೆಯಿಲ್ಲ. ಹೊರಹೋಗಲು ಇರುವ ಮುಖ್ಯ ಬಾಗಿಲು ಕಿಡ್ನಿ. ತೊಟ್ಟಿಗೆ ಮೇಲಿಂದ ಒಂದೇ ಹದದಲ್ಲಿ ನೀರು ಬೀಳುತ್ತಿದೆ, ತಳದ ತೂತು ಮಾತ್ರ ದೊಡ್ಡದಾಯಿತು ಅಂದುಕೊಳ್ಳಿ. ನೀರಿನ ಮಟ್ಟ ಇಳಿಯುತ್ತದೆ, ಅಲ್ವಾ? ಬಸುರಿಯ ಕಿಡ್ನಿ ರಕ್ತ ಸೋಸುವ ವೇಗ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ನುಂಗಿದ್ದು ಅದೇ ಮಾತ್ರೆ, ರಕ್ತದಲ್ಲಿ ಉಳಿಯುವುದು ಮೊದಲಿಗಿಂತ ಕಡಿಮೆ. ಇಲ್ಲಿ ಇನ್ನೊಂದು ತಮಾಷೆಯೂ ಇದೆ. ಲಿಥಿಯಂ ಸೋಡಿಯಂನ ತಮ್ಮನಿದ್ದ ಹಾಗೆ. ಧಾತುಗಳ ಕೋಷ್ಟಕದಲ್ಲಿ ಒಂದೇ ಕಂಬಸಾಲಿನವರು, ಕಿಡ್ನಿಯ ಕಾವಲುಗಾರನಿಗೆ ಇಬ್ಬರ ಮುಖವೂ ಒಂದೇ. ವಾಂತಿಯಾಗಿ ಮೈಯ ನೀರು, ಉಪ್ಪು ಕಮ್ಮಿಯಾದರೆ ಅವನು ಗಾಬರಿಯಿಂದ ಸೋಡಿಯಂ ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತಾನೆ. ಜೊತೆಗೆ ತಮ್ಮನೂ ಒಳಗೆ! ಆಗ ಮಟ್ಟ ದಿಢೀರ್ ಏರಿ ವಿಷವಾಗಬಹುದು. ಒಬ್ಬಳೇ ಹೆಂಗಸಿನಲ್ಲಿ ಒಂದು ತಿಂಗಳು ಸಾಲದು, ಇನ್ನೊಂದು ವಾರ ಜಾಸ್ತಿ. ಅದಕ್ಕೇ ರಕ್ತಪರೀಕ್ಷೆ ಪದೇ ಪದೇ ಬೇಕು. ಸುಮ್ನೆ ಊಹೆಯ ಮೇಲೆ ಮಾತ್ರೆ ಹೆಚ್ಚುಕಮ್ಮಿ ಮಾಡುವಂತಿಲ್ಲ.

ಮಗು ಹುಟ್ಟಿದ ಮೇಲೆ ಕಿಡ್ನಿ ಹಳೆಯ ವೇಗಕ್ಕೆ ಮರಳುತ್ತದೆ. ಬಸುರಿಯಲ್ಲಿ ಡೋಸ್ ಏರಿಸಿದ್ದರೆ ಈಗ ಅದೇ ಡೋಸ್ ವಿಪರೀತವಾಗುತ್ತದೆ. ಹೆರಿಗೆಯಾದ ಮೇಲಿನ ನೋವಿಗೆ ಕೊಡುವ ಐಬುಪ್ರೊಫೇನ್ ಜಾತಿಯ ಮಾತ್ರೆಗಳೂ ಲಿಥಿಯಂ ಹೊರಹೋಗದಂತೆ ತಡೆಯುತ್ತವೆ. ಹೆರಿಗೆ ಮಾಡಿಸುವ ಡಾಕ್ಟರಿಗೆ ಮನೋವೈದ್ಯರ ಚೀಟಿ ತೋರಿಸದೆ ಮುಚ್ಚಿಟ್ಟರೆ ಯಾರಿಗೆ ನಷ್ಟ?

ನಿಲ್ಲಿಸಿಬಿಟ್ಟರೆ? ಬೈಪೋಲಾರ್ ಇರುವ ಬಸುರಿಯರನ್ನು ಗಮನಿಸಿದ 2007ರ ಒಂದು ಅಧ್ಯಯನದಲ್ಲಿ ಮೂಡ್ ಹತೋಟಿಯ ಮಾತ್ರೆ ಬಿಟ್ಟವರಲ್ಲಿ 100ಕ್ಕೆ 85 ಮಂದಿಗೆ ಕಾಯಿಲೆ ಮರುಕಳಿಸಿತು. ಮುಂದುವರಿಸಿದವರಲ್ಲಿ 37. ಥಟ್ಟನೆ ಬಿಟ್ಟವರಿಗೆ ಇನ್ನೂ ಬೇಗ. ಹೆರಿಗೆಯ ನಂತರದ ವಾರಗಳಂತೂ ಇವರಿಗೆ ಎಲ್ಲಕ್ಕಿಂತ ನಾಜೂಕು. ಸಾವಿರ ಹೆರಿಗೆಗೆ ಒಂದೆರಡರಲ್ಲಿ ಕಾಣಿಸುವ ಬಾಣಂತಿ ಸನ್ನಿ, ಬೈಪೋಲಾರ್ ಇರುವವರಿಗೆ ಎಷ್ಟೋ ಪಟ್ಟು ಹೆಚ್ಚು. ನಿದ್ದೆಯಿಲ್ಲದ ಬಾಣಂತಿ ದಣಿವೇ ಇಲ್ಲದವಳಂತೆ ಓಡಾಡುತ್ತ, ಸಂಬಂಧವಿಲ್ಲದ ಮಾತಾಡುತ್ತ, ಮಗುವಿನ ಬಗ್ಗೆ ವಿಚಿತ್ರ ಅನುಮಾನ ಪಡುತ್ತಿದ್ದರೆ ಗಾಳಿ ಸೋಕಿದೆ ಅಂತ ದಿನ ಕಳೆಯಬೇಡಿ. ಇದು ಅಂದೇ ಆಸ್ಪತ್ರೆಗೆ ಹೋಗಬೇಕಾದ ತುರ್ತು. ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ ಕೂಡ.

ಎದೆಹಾಲಿನ ವಿಷಯದಲ್ಲೂ ಔಷಧಿಗೊಂದು ಲೆಕ್ಕ. ಲಿಥಿಯಂ ಹಾಲಿಗೆ ಸಾಕಷ್ಟು ಇಳಿಯುತ್ತದೆ, ಎಳೆಗೂಸಿನ ಕಿಡ್ನಿ ಇನ್ನೂ ಬಲಿತಿರುವುದಿಲ್ಲ. ಅದಕ್ಕೇ ಬಹಳಷ್ಟು ವೈದ್ಯರು ಬಾಟಲಿ ಹಾಲು ಅನ್ನುತ್ತಾರೆ. ಇದರಲ್ಲೊಂದು ಲಾಭವೂ ಇದೆ: ರಾತ್ರಿ ಎರಡು ಗಂಟೆಗೆ ಮಗು ಅತ್ತರೆ ಅಪ್ಪ ಏಳಬಹುದು. ಉನ್ಮಾದವನ್ನು ಕೆಣಕುವುದರಲ್ಲಿ ನಿದ್ದೆಗೇಡಿನಷ್ಟು ನಿಸ್ಸೀಮ ಬೇರೆ ಇಲ್ಲ.